ಹೊಸ ಮಾದರಿಗೆ ಮುಂಚೆಯೇ ಲ್ಯಾಪ್‌ಟಾಪ್ ಮಾರಬೇಕೇ? ತಂತ್ರಜ್ಞರನ್ನು ಕೇಳಿ

ಸಂಶೋಧನಾ ವಿದ್ಯಾರ್ಥಿನಿ: ನಮಸ್ಕಾರ ಸರ್. ನನ್ನ ಲ್ಯಾಪ್‌ಟಾಪಿಗೆ ಮೂರು ವರ್ಷ. ಅದೇ ಸರಣಿಯ ಹೊಸ ಮಾದರಿ ಮುಂದಿನ ತಿಂಗಳು ಬರುತ್ತದೆಯಂತೆ. ಈಗಲೇ ಮಾರಿಬಿಡಲೇ?

ತಂತ್ರಜ್ಞ: ನಮಸ್ಕಾರ. ಮಾರುವುದಾದರೆ ಘೋಷಣೆಗೆ ಮುಂಚೆಯೇ ಮಾರಿ. ಹೊಸದು ಬಂದೊಡನೆ ನಿಮ್ಮ ಮಾದರಿಯ ಉಳಿದ ದಾಸ್ತಾನು ರಿಯಾಯಿತಿಗೆ ಬರುತ್ತದೆ. ಸೀಲು ಒಡೆಯದ ಪೆಟ್ಟಿಗೆಯೇ ಅಗ್ಗಕ್ಕೆ ಸಿಗುವಾಗ ಬಳಸಿದ್ದನ್ನು ಯಾರು ಕೇಳುತ್ತಾರೆ? ಆದರೆ ಪ್ರಬಂಧ ಅರ್ಧದಲ್ಲಿದ್ದರೆ ಮಾರಬೇಡಿ. ಘೋಷಣೆಯ ದಿನ ಬೇರೆ, ಯಂತ್ರ ಕೈಸೇರುವ ದಿನ ಬೇರೆ.

ಲೆಕ್ಕಿಗ: ನನ್ನದು ಎರಡು ವರ್ಷದ್ದು ಸರ್. ಮಾರಲೇ, ಕಾಯಲೇ?

ತಂತ್ರಜ್ಞ: ಮೇಲೆ ಬರೆದಿದ್ದೇನೆ.

ಅನುವಾದಕ: ನನ್ನದೂ ಮಾರುವುದಿದೆ. ಯಂತ್ರ ಚೆನ್ನಾಗಿದೆ. ಇತ್ತೀಚೆಗೆ ಟಚ್‌ಪ್ಯಾಡ್ ಒತ್ತಿದರೆ ಒಳಹೋಗುವುದಿಲ್ಲ, ಕೆಳಗಿನ ತಳ ಮೇಜಿನ ಮೇಲೆ ಸಮನಾಗಿ ಕೂರುವುದಿಲ್ಲ, ಅಷ್ಟೆ. ಫೋಟೋದಲ್ಲಿ ಕಾಣುವುದಿಲ್ಲ. ಈ ವಾರವೇ ಕೊಟ್ಟುಬಿಡಲೇ?

ತಂತ್ರಜ್ಞ: ಮಾರುವ ಮಾತು ಹಾಗಿರಲಿ. ಮೊದಲು ಯಂತ್ರ ಆಫ್ ಮಾಡಿ, ಚಾರ್ಜರ್ ಕಿತ್ತಿಡಿ. ನೀವು ಹೇಳಿದ ಎರಡೂ ಲಕ್ಷಣ ಬ್ಯಾಟರಿ ಉಬ್ಬಿದ್ದರ ಗುರುತು. ಅನೇಕ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಟಚ್‌ಪ್ಯಾಡಿನ ಅಡಿಯಲ್ಲೇ ಇರುತ್ತದೆ. ಬ್ಯಾಟರಿಯ ಲಿಥಿಯಂ ಅಯಾನ್ ಕೋಶದೊಳಗಿನ ರಾಸಾಯನಿಕ ದ್ರವ (ಎಲೆಕ್ಟ್ರೋಲೈಟ್) ಒಡೆದು ಅನಿಲವಾದಾಗ ಮೇಲಿನ ತೆಳು ಹೊದಿಕೆ ಹಿಗ್ಗುತ್ತದೆ. ಸದಾ ಚಾರ್ಜಿಗೆ ಹಾಕಿಡುವುದು, ಬಿಸಿ, ವಯಸ್ಸು ಇದಕ್ಕೆ ದಾರಿ. ಇಂಥ ಯಂತ್ರದ ಕೊನೆಯ ಸ್ಕ್ರೂ ಬಿಚ್ಚುತ್ತಲೇ ತಳದ ಮುಚ್ಚಳ ತಾನಾಗಿ ಮೇಲೇಳುತ್ತದೆ. ಒಳಗೆ ಕೋಶ ದಿಂಬಿನಂತೆ ಬಿಗಿದುಕೊಂಡಿರುತ್ತದೆ. ಪರದೆಯನ್ನು ಒತ್ತಿ ಮುಚ್ಚಬೇಡಿ, ಚೀಲದಲ್ಲಿ ತುರುಕಬೇಡಿ, ಕೊರಿಯರ್‌ಗಂತೂ ಕೊಡಲೇಬೇಡಿ. ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಡಿ. ಯಂತ್ರ ತಾನಾಗಿ ಬಿಸಿಯಾಗುತ್ತಿದೆಯೇ? ಬಣ್ಣದ ಥಿನ್ನರ್‌ನಂಥ ಸಿಹಿ ವಾಸನೆ ಇದೆಯೇ? ಇದನ್ನು ಮುಚ್ಚಿಟ್ಟು ಮಾರಿದರೆ ಬೆಂಕಿಯನ್ನು ಇನ್ನೊಬ್ಬರ ಮನೆಗೆ ಕಳಿಸಿದಂತೆ. ಬ್ಯಾಟರಿ ಬದಲಿಸಿ, ಹಳೆಯದನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ಆಮೇಲೆ ಬೆಲೆಯ ಮಾತು.

ಗೃಹಿಣಿ: ರ್‍ಯಾಮ್ ಹೆಚ್ಚಿಸಿ ಮಾರಿದರೆ ಲಾಭವೇ?

ಹಿರಿಯ ಸದಸ್ಯರು: ಬಂದ ಸಂದೇಶ: ಉಬ್ಬಿದ ಬ್ಯಾಟರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಇಳಿಯುತ್ತದೆ. ಎಲ್ಲರಿಗೂ ಹಂಚಿ.

ತಂತ್ರಜ್ಞ: ಹಂಚಬೇಡಿ. ತಂಪಿಗೆ ಅನಿಲ ಕುಗ್ಗಿ ಇಳಿದಂತೆ ಕಾಣಬಹುದು. ಕೆಟ್ಟ ಕೋಶ ಕೆಟ್ಟೇ ಇರುತ್ತದೆ, ಜೊತೆಗೆ ತೇವ ಬೇರೆ. ಸೂಜಿ ಚುಚ್ಚಿ ಗಾಳಿ ಬಿಡಿ ಎಂಬ ಸಂದೇಶವೂ ಸುತ್ತುತ್ತಿದೆ. ಚುಚ್ಚಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಬರುವುದನ್ನೆಲ್ಲ ಮುಂದೆ ಕಳಿಸುವ ಮೊದಲು ಒಮ್ಮೆ ಯೋಚಿಸಬಾರದೇ?

ಹಿರಿಯ ಸದಸ್ಯರು: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಸಿಡುಕಬೇಕಾಗಿರಲಿಲ್ಲ.

ಛಾಯಾಗ್ರಾಹಕ: ನನ್ನ ಪ್ರಕಾರ ಹೊಸದರ ಆಸೆಗೆ ಓಡುವ ಯಂತ್ರ ಮಾರುವುದೇ ದಂಡ. ಪ್ರತಿವರ್ಷ ಒಂದಿಷ್ಟು ವೇಗ ಹೆಚ್ಚಿಸಿ ಹೊಸ ಹೆಸರಿಡುತ್ತಾರೆ.

ಪ್ರೋಗ್ರಾಮರ್: ಎಲ್ಲ ವರ್ಷವೂ ಒಂದೇ ಅಲ್ಲ. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ಪಿನ, ಬಹಳ ವೇಗದ ಮ್ಯಾಕ್‌ಬುಕ್ ತಂದಾಗ ಹಳೆಯ ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್ ಹಿಡಿದು ಕೂತವರನ್ನು ಕೇಳಿ.

ಛಾಯಾಗ್ರಾಹಕ: ಅದು ಒಂದು ಸಲದ ಮಾತು.

ಪ್ರೋಗ್ರಾಮರ್: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳಿಗೆ ಅದೂ ಒಂದು ಸಲದ ಮಾತೇ?

ಛಾಯಾಗ್ರಾಹಕ: ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ, ಭಾಷಣ ಬಿಡಿ.

ಶಿಕ್ಷಕಿ: ಮಾರುವ ಮುನ್ನ ಕಡತ ಅಳಿಸಿದರೆ ಸಾಕೇ ಸರ್?

ತಂತ್ರಜ್ಞ: ಸಾಲದು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ (ಬೇರೆಯವರು ಓದಲಾಗದ ಗುಪ್ತ ರೂಪಕ್ಕೆ ತಂದು), ಖಾತೆಗಳಿಂದ ಹೊರಬಂದು, ಪೂರ್ಣ ರೀಸೆಟ್ ಮಾಡಿ.

ಲೆಕ್ಕಿಗ: ನನ್ನದಕ್ಕೆ ಸ್ಪಷ್ಟ ಉತ್ತರ ಬರಲಿಲ್ಲ.

ತಂತ್ರಜ್ಞ: ಓದುವವರಿಗೆ ಬಂದಿದೆ. ಅನುವಾದಕರೇ, ನಾನು ಕೇಳಿದ್ದೇನಾಯಿತು?

ಅನುವಾದಕ: ವಾಸನೆ ಇಲ್ಲ. ಕೊಂಚ ಬಿಸಿ ಇತ್ತು. ಕಡತಗಳು ಒಳಗಿವೆ, ಕೊನೆಯ ಸಲ ಚಾರ್ಜ್ ಮಾಡಿ ನಕಲಿಸಿಕೊಳ್ಳಲೇ?

ತಂತ್ರಜ್ಞ: ಬೇಡ. ಕಡತಗಳಿರುವುದು ಡಿಸ್ಕಿನಲ್ಲಿ, ಬ್ಯಾಟರಿಯಲ್ಲಲ್ಲ. ಬ್ಯಾಟರಿ ತೆಗೆಸಿದ ಮೇಲೆ ನಿಧಾನವಾಗಿ ನಕಲಿಸಿಕೊಳ್ಳಿ. ರಿಪೇರಿಯವರಿಗೆ ಈಗಲೇ ಫೋನ್ ಮಾಡಿ, ಬ್ಯಾಟರಿ ಉಬ್ಬಿದೆ ಎಂದು ಹೇಳಿಯೇ ಒಯ್ಯಿರಿ.