ಭತ್ತದೆಲೆಯ ಸಿಲಿಕಾ ಗ್ಲಿಸರಿನ್‌ಗೆ ಹಾಕಿದ ಕೂಡಲೇ ಮಾಯ! ಎಲ್ಲಿ ತಪ್ಪಿದೆ?

ಗದ್ದೆಬದು:
ಭತ್ತದ ಎಲೆಯೊಳಗೆ ಇರುತ್ತಲ್ಲ ಸಿಲಿಕಾ ಕಣ, ಫೈಟೋಲಿತ್, ಅದನ್ನು ನೋಡುವ ಹುಚ್ಚು ಹತ್ತಿದೆ. ಒಣ ಎಲೆ ಸುಟ್ಟೆ, ಬೂದಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ, ನಾಲ್ಕು ಸಲ ನೀರಲ್ಲಿ ತೊಳೆದೆ. ತಳದಲ್ಲಿ ಪುಡಿ ಬರಿಗಣ್ಣಿಗೇ ಕಾಣುತ್ತಿತ್ತು. ಗ್ಲಿಸರಿನ್ ಹನಿಯಲ್ಲಿ ಕಲಸಿ ಸೂಕ್ಷ್ಮದರ್ಶಕದ 40ಎಕ್ಸ್‌ನಲ್ಲಿ ನೋಡಿದರೆ ಒಂದಿಷ್ಟು ಕರಿ ಚುಕ್ಕೆ, ಮಿಕ್ಕಿದ್ದೆಲ್ಲ ಖಾಲಿ. ಆಮ್ಲದಲ್ಲಿ ಸಿಲಿಕಾನೇ ಕರಗಿಹೋಯಿತಾ?

ಮಸೂರಮರಿ:
ಬೆಂಕಿ ಜಾಸ್ತಿ ಆಗಿರಬಹುದು. ಎಷ್ಟು ಡಿಗ್ರಿ?

ಗದ್ದೆಬದು:
ಲ್ಯಾಬಿನ ಕುಲುಮೆ ಸರ್, 500 ಡಿಗ್ರಿ, ಮೂರು ಗಂಟೆ.

ಹಳೇ ಕಂಡೆನ್ಸರ್:
ಹಾಗಾದರೆ ಬೆಂಕಿಯದು ತಪ್ಪಿಲ್ಲ. ಆಮ್ಲದ ಮೇಲೂ ಗೂಬೆ ಕೂರಿಸಬೇಡಿ, ಸಿಲಿಕಾ ಹೈಡ್ರೋಕ್ಲೋರಿಕ್‌ಗೆ ಜಗ್ಗುವುದಿಲ್ಲ. ನಿಮ್ಮ ಕಣಗಳು ಅಲ್ಲೇ ಇವೆ, ಗ್ಲಿಸರಿನ್ ಅಡಗಿಸಿದೆ ಅಷ್ಟೆ. ಗಿಡ ಕಟ್ಟುವ ಸಿಲಿಕಾ ಸ್ಫಟಿಕವಲ್ಲ, ನೀರು ಸೇರಿದ ಓಪಲ್. ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನುವ ಅಳತೆ, 1.41ರಿಂದ 1.47, ಗ್ಲಿಸರಿನ್‌ನದು 1.47. ಎರಡೂ ಇಷ್ಟು ಹತ್ತಿರ ಇದ್ದರೆ ಕಣದ ಅಂಚಿನಲ್ಲಿ ಬೆಳಕು ಬಾಗುವುದೇ ಇಲ್ಲ ಎನ್ನಬಹುದು. ಇನ್ನು ಕಾಣುವುದೇನು?

ಹೊಸ ಸ್ಲೈಡ್ ಬೇಡ, ಇದರಲ್ಲೇ ನೋಡಿ. ಹನಿಯ ಮೇಲೆ ಮುಚ್ಚಿದ ತೆಳು ಕವರ್‌ಸ್ಲಿಪ್‌ನ ಒಂದು ಅಂಚಿಗೆ ನೀರು ಬಿಡಿ, ಎದುರು ಅಂಚಿಗೆ ಟಿಶ್ಯೂ ತಾಗಿಸಿ ಗ್ಲಿಸರಿನ್ ಎಳೆಯಿರಿ. ನೀರಿನ ಸೂಚ್ಯಂಕ 1.33, ಕಣಕ್ಕಿಂತ ಸಾಕಷ್ಟು ದೂರ, ಅಂಚು ಎದ್ದು ಕಾಣುತ್ತೆ. ಸ್ಲೈಡಿನ ಕೆಳಗೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಕಂಡೆನ್ಸರ್ ಡಯಾಫ್ರಂ ಕಿರಿದು ಮಾಡಿ, ಅದನ್ನು ಪೂರ್ತಿ ತೆರೆದಿಟ್ಟು ಏನೂ ಕಾಣಲ್ಲ ಅನ್ನುವವರೇ ಇಲ್ಲಿ ಜಾಸ್ತಿ. ಉಳಿಸಿಕೊಳ್ಳುವ ಸ್ಲೈಡ್‌ಗಾದರೆ ಪುಡಿ ಚೆನ್ನಾಗಿ ಒಣಗಿಸಿ ಲವಂಗದ ಎಣ್ಣೆ ಹಾಕಿ, ಅದರ ಸೂಚ್ಯಂಕ 1.53. ಕವರ್‌ಸ್ಲಿಪ್ ಗಾಜಿನದೇ ಇರಲಿ, ಪ್ಲಾಸ್ಟಿಕ್ಕನ್ನು ಆ ಎಣ್ಣೆ ತಿಂದುಹಾಕುತ್ತೆ.

ಗದ್ದೆಬದು:
ನೀರು ಒಳಗೆ ಹರಿದಂತೆ ಒಂದೊಂದೇ ಎದ್ದು ಬಂತು! ಡಂಬೆಲ್ ತರದವು, ಬೀಸಣಿಗೆ ತರದವು. ಬೀಸಣಿಗೆಯ ಬಾಗಿದ ಅಂಚಲ್ಲಿ ಮೀನಿನ ಹುರುಪೆಯಂಥ ಗುರುತು. ಕರಿ ಚುಕ್ಕೆ ಮಾತ್ರ ಹಾಗೇ ಇದೆ.

ಹಳೇ ಕಂಡೆನ್ಸರ್:
ಬಿಸಿಲಿಗೆ ಎಲೆ ಸುರುಟಿಕೊಳ್ಳುತ್ತಲ್ಲ, ಅದಕ್ಕೆ ನೆರವಾಗುವ ಬುಲ್ಲಿಫಾರ್ಮ್ ಕೋಶದ ಅಚ್ಚು ಆ ಬೀಸಣಿಗೆ. ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ಕಾಡುಭತ್ತ ಯಾವುದು, ಸಾಗುವಳಿ ಭತ್ತ ಯಾವುದು ಎಂದು ಹೇಳಲು ಪುರಾತತ್ತ್ವದವರು ಎಣಿಸುವುದು ಇದೇ ಹುರುಪೆಗಳನ್ನು.

ಕರಿ ಚುಕ್ಕೆ ಸಿಕ್ಕಿಬಿದ್ದ ಇಂಗಾಲ. ಸುಡುವಾಗ ಎಲೆಯ ಪೊಟ್ಯಾಸಿಯಂ ಸಿಲಿಕಾದ ಮೈಯನ್ನು ಮೆತ್ತಗೆ ಮಾಡಿ ಇಂಗಾಲವನ್ನು ಒಳಗೇ ಮುಚ್ಚಿಬಿಡುತ್ತೆ. ಮುಂದಿನ ಸಲ ಆಮ್ಲದ ತೊಳೆತ ಸುಡುವ ಮೊದಲೇ ಆಗಲಿ.

ಮಸೂರಮರಿ:
ರಾಗಿ ಎಲೆಗೂ ಇದೇ ಆಗುತ್ತಾ?

ಹಳೇ ಕಂಡೆನ್ಸರ್:
ಆಗುತ್ತೆ. ಅಲ್ಲಿ ಕುದುರೆ ಜೀನಿನ ಆಕಾರದವನ್ನು ಹುಡುಕಿ.