ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ನಿಜಕ್ಕೂ ಎಷ್ಟು ಗಂಟೆ?

ತುಂಗಾತೀರ: ಒಂದು ಕಡೆ 14,000 ಕಿ.ಮೀ. ಅಂತಿದೆ, ಇನ್ನೊಂದು ಕಡೆ 16,000. ಯಾವುದು ಸರಿ? ಮಧ್ಯಾಹ್ನ ಹೊರಟರೆ ಅದೇ ದಿನ ಸಂಜೆ ಅಲ್ಲಿರ್ತಾರಂತೆ, ವಾಪಸ್ ಬರೋಕೆ ಮಾತ್ರ ಎರಡು ತಾರೀಖು ದಾಟುತ್ತೆ. ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಹೊರಡ್ತಿದ್ದಾರೆ. ಯಾವ ದಾರಿ ವಾಸಿ?

ದಿಕ್ಸೂಚಿ: ಎರಡೂ ಸರಿಯೇ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ: ಚೀನಾ, ಪೂರ್ವ ಸೈಬೀರಿಯಾ, ಅಲಾಸ್ಕಾ ಮೇಲೆ ಹೋಗುತ್ತೆ, ಸುಮಾರು 14,000 ಕಿ.ಮೀ. ಗೋಡೆ ನಕ್ಷೆ ನೋಡಿದರೆ ಇದು ನಂಬೋಕೇ ಆಗಲ್ಲ. ಆದರೆ ವಿಮಾನ ಆ ದಾರವನ್ನೇ ಹಿಡಿದು ಹೋಗಲ್ಲ. ಕ್ಯಾಬಿನ್ ಒತ್ತಡ ಹೋದರೆ ತಕ್ಷಣ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ, ಹಾಗಾಗಿ ಅದನ್ನು ಬಿಟ್ಟು ಸುತ್ತಿ ಹೋಗ್ತಾರೆ. 2022ರಿಂದ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. ಗಾಳಿ ನೋಡಿಯೂ ದಾರಿ ಬದಲಾಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಾಗ ಸುಮಾರು 16,000 ಕಿ.ಮೀ. ಆಗಿತ್ತು.

ಗಡಿಯಾರ: 14,000 ಕಿ.ಮೀ.ಯನ್ನು ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಹದಿನೈದೂವರೆ ಬರುತ್ತೆ. ರನ್‌ವೇಗೆ ಹೋಗೋದು, ಏರೋದು, ಇಳಿಯೋದು ಸೇರಿ 16 ಹಿಡಿಯಿರಿ. ವಾಪಸ್ ಬರುವಾಗ ಎದುರುಗಾಳಿ ಸಿಕ್ಕರೆ ಹದಿನೇಳು ದಾಟುತ್ತೆ.

ತಾರೀಖಿನ ಗೊಂದಲಕ್ಕೆ ಕಾರಣ ಎರಡೂ ಊರಿನ ಗಡಿಯಾರಗಳ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ (ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ). ಶುಕ್ರವಾರ ಮಧ್ಯಾಹ್ನ 2:30ಕ್ಕೆ ಹೊರಟು 16 ಗಂಟೆ ಹಾರಿದರೆ ಇಲ್ಲಿ ಶನಿವಾರ ಬೆಳಿಗ್ಗೆ 6:30, ಅಲ್ಲಿ ಇನ್ನೂ ಶುಕ್ರವಾರ ಸಂಜೆ 5. ಅಲ್ಲಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಭಾನುವಾರ ಬೆಳಗಿನ ಜಾವ 4. ಯಾರಾದರೂ ಏರ್‌ಪೋರ್ಟಿಗೆ ಬರೋದಿದ್ದರೆ ತಾರೀಖು ಬರೆದೇ ಕೊಡಿ, ತಪ್ಪೋದು ಇಲ್ಲೇ.

ದಿಕ್ಸೂಚಿ: ಒಂದು ನಿಲುಗಡೆ ಆದರೆ: ದುಬೈ 2,700 + 13,040 ಕಿ.ಮೀ.; ಫ್ರಾಂಕ್‌ಫರ್ಟ್ 7,400 + 9,150; ಸಿಂಗಪುರ 3,180 + 13,590. ಒಟ್ಟು ದೂರದಲ್ಲಿ ಸಾವಿರ ಕಿ.ಮೀ. ಅಂದರೆ ಒಂದು ಗಂಟೆಯ ವ್ಯತ್ಯಾಸ ಅಷ್ಟೇ. ವಯಸ್ಸಾದವರಿಗೆ ನೋಡಬೇಕಾದ್ದು ತುಂಡುಗಳ ಉದ್ದ. ಫ್ರಾಂಕ್‌ಫರ್ಟ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಮಧ್ಯೆ ಕಾಲಾಡಿಸಬಹುದು. ಉಳಿದೆರಡರಲ್ಲಿ 15 ಗಂಟೆ ಆಸುಪಾಸು ಒಂದೇ ಸಮನೆ ಕೂರಬೇಕು.

ತುಂಗಾತೀರ: ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಅಗ್ಗ ಕಾಣ್ತಿದೆ?

ಗಡಿಯಾರ: ಬೇಡ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಲಗೇಜ್ ತಗೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಿ ಬಂದರೆ ಷೆಂಗೆನ್ (ಯುರೋಪಿನ) ವೀಸಾನೂ ಬೇಕು. ಒಂದೇ ಪಿಎನ್‌ಆರ್ (ಒಂದೇ ಬುಕಿಂಗ್) ಇರಲಿ, ನಡುವೆ ಮೂರು ಗಂಟೆ ಬಿಡಿ. ಅಮೆರಿಕದೊಳಗೆ ಇನ್ನೊಂದು ವಿಮಾನ ಬದಲಿಸುವ ಟಿಕೆಟ್ ತಗೋಬೇಡಿ. ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು, ಮತ್ತೆ ಹಾಕಬೇಕಾಗುತ್ತೆ. ವೀಲ್‌ಚೇರ್ ಬುಕಿಂಗ್ ಮಾಡುವಾಗಲೇ ಕೇಳಿ, ಮಾತ್ರೆಗಳು ಕೈಚೀಲದಲ್ಲೇ ಇರಲಿ.