ಫಾಕಿಲಿಸ್ ಗೋರಿಗಲ್ಲಿನ ನುಣುಪು ಎದೆ: ಚರ್ಮದ ಕವಚವೇ?

ಗೆರೆಗಾರ:
ಇಂಗ್ಲೆಂಡಿನ ಕೊಲ್ಚೆಸ್ಟರ್‌ನಲ್ಲಿ 1868ರಲ್ಲಿ ಸಿಕ್ಕ, ರೋಮನ್ ಸೈನ್ಯದ ಸೆಂಚುರಿಯನ್ (ಸಣ್ಣ ದಳದ ನಾಯಕ) ಮಾರ್ಕಸ್ ಫಾವೋನಿಯಸ್ ಫಾಕಿಲಿಸ್‌ನ ಗೋರಿಗಲ್ಲನ್ನು ಆಧರಿಸಿ ಬಣ್ಣದ ಚಿತ್ರ ಬರೆಯುತ್ತಿದ್ದೇನೆ. ಕವಚದ ಮೇಲೆ ಉಂಗುರವೂ ಇಲ್ಲ, ಹುರುಪೆಯೂ ಇಲ್ಲ, ಪೂರ್ತಿ ನುಣುಪು. ಹಳೆಯ ಚಿತ್ರಗಳಲ್ಲಿ ಇದನ್ನು ಚರ್ಮದ ಕವಚ ಎಂದೇ ತೋರಿಸಿದ್ದಾರೆ. ನಂಬಬಹುದೇ? ಕತ್ತಿಯ ಉದ್ದವನ್ನು ಕಲ್ಲಿನಿಂದಲೇ ಲೆಕ್ಕ ಹಾಕಬಹುದೇ?

ಉಳಿಪೆಟ್ಟು:
ನುಣುಪಾಗಿದೆ ಎಂದ ಮಾತ್ರಕ್ಕೆ ಚರ್ಮ ಎನ್ನುವಂತಿಲ್ಲ. ನೀವು ನೋಡುತ್ತಿರುವುದು ಬಣ್ಣ ಉದುರಿಹೋದ ಕಲ್ಲು. ಕೆತ್ತನೆ ಮುಗಿದ ಮೇಲೆ ತೆಳ್ಳಗೆ ಗಾರೆ ಬಳಿದು ಬಣ್ಣ ಹಚ್ಚುತ್ತಿದ್ದರು. ಫಾಕಿಲಿಸ್ ಕಲ್ಲಿನಲ್ಲೂ ಅದರ ಕುರುಹು ಕಂಡಿದೆ. ಸಣ್ಣ ಉಂಗುರಗಳನ್ನು ಹೆಣೆದ ಸರಪಳಿ ಕವಚ ತೋರಿಸಲು ಒಬ್ಬ ಶಿಲ್ಪಿ ಸಾಲುಸಾಲಾಗಿ ಅಲೆಗೆರೆ ಕೊರೆಯುತ್ತಾನೆ, ಇನ್ನೊಬ್ಬ ಸಣ್ಣ ಕುಳಿ ತೋಡುತ್ತಾನೆ, ಮತ್ತೊಬ್ಬ ಬರಿದೇ ಬಿಟ್ಟು ಉಳಿದದ್ದನ್ನು ಬಣ್ಣಕ್ಕೆ ಒಪ್ಪಿಸುತ್ತಾನೆ. ಈ ಮೂರನೆಯವನ ಕೆಲಸವೇ ಹಳೆಯ ಚಿತ್ರಕಾರರ ಕೈಯಲ್ಲಿ ಚರ್ಮವಾಯಿತು.

ಹಾಗಾಗಿ ಮೇಲ್ಮೈ ಬಿಟ್ಟು ಅಂಚು ನೋಡಿ. ಬೆಲ್ಟಿನ ಕೆಳಗೆ ಕವಚ ಮೈಗೆ ಅಂಟಿ ಬಾಗಿದೆಯೇ, ಹೆಗಲ ಮೇಲೆ ಎರಡನೆಯ ಪದರ ಇದೆಯೇ, ಕಂಕುಳಿನ ಬಳಿ ಸುಕ್ಕಿದೆಯೇ? ಬಗ್ಗುವ ಲಕ್ಷಣ ಕಂಡರೆ ಸರಪಳಿಯ ಕಡೆಗೆ ವಾಲಬಹುದು. ತೋಳು, ಸೊಂಟದ ಕೆಳಗೆ ಇಳಿಬಿದ್ದ ಪಟ್ಟಿಗಳನ್ನು ಕವಚಕ್ಕೆ ಸೇರಿಸಬೇಡಿ. ಅವು ಒಳಗೆ ತೊಟ್ಟ ದಪ್ಪ ಅಂಗಿಯವು.

ಫೋಟೊ ನೋಡುವುದಾದರೆ ಎದುರು ಬೆಳಕಿನದು ಬೇಡ. ದೀಪವನ್ನು ಕಲ್ಲಿನ ಮಟ್ಟಕ್ಕೆ ಹತ್ತಿರ, 10ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿದು, ನಾಲ್ಕೂ ಕಡೆಯಿಂದ ತೆಗೆದವು ಬೇಕು. ಒಂದೇ ಕಡೆಯ ಬೆಳಕಿನಲ್ಲಿ ಅದೇ ದಿಕ್ಕಿಗೆ ಸಾಗುವ ಗೆರೆಗಳು ಮಾಯವಾಗುತ್ತವೆ.

ಒರೆಗತ್ತಿ:
ಕತ್ತಿಯ ವಿಷಯಕ್ಕೆ: ಕಲ್ಲಿನಿಂದ ಆಕಾರ ತೆಗೆದುಕೊಳ್ಳಿ, ಅಳತೆ ಬೇಡ. ಈ ಶಿಲ್ಪಗಳಲ್ಲಿ ತಲೆ, ಕೈ ಸಾಮಾನ್ಯವಾಗಿ ದೊಡ್ಡವು. ಈಟಿ, ಗುರಾಣಿಗಳನ್ನು ಆಕೃತಿ ನಿಂತಿರುವ ಕಲ್ಲಿನ ಗೂಡಿನ ಅಗಲಕ್ಕೆ ತಕ್ಕಂತೆ ಕುಗ್ಗಿಸಿ ತುರುಕಿರುತ್ತಾರೆ. ಇಡೀ ಆಳಿನ ಎತ್ತರವನ್ನು 170 ಸೆಂ.ಮೀ. ಎಂದು ಹಿಡಿದು ಭಾಗಿಸಿದರೆ ಲೆಕ್ಕ ಕೆಡುವುದು ಅಲ್ಲೇ. ಅಲಗು ಮೊನೆಯತ್ತ ಕಿರಿದಾಗುತ್ತ ಹೋಗಿದ್ದರೆ ಮೈಂಜ್ ಮಾದರಿ. ಉತ್ಖನನದಲ್ಲಿ ಸಿಕ್ಕವುಗಳಲ್ಲಿ ಅಲಗು ಹೆಚ್ಚಾಗಿ 50-55 ಸೆಂ.ಮೀ. ಎರಡೂ ಅಂಚು ನೇರವಾಗಿದ್ದು ಮೊನೆ ಗಿಡ್ಡವಾಗಿದ್ದರೆ ಪಾಂಪೆ ಮಾದರಿ, ಸ್ವಲ್ಪ ಕುಳ್ಳು.

ಕತ್ತಿ ಯಾವ ಪಕ್ಕದಲ್ಲಿದೆ ಎಂಬುದು ಮಾತ್ರ ನಂಬುವಂಥ ಗುರುತು. 1ನೇ ಶತಮಾನದ ಸಾಮಾನ್ಯ ಸಿಪಾಯಿಗೆ ಬಲಗಡೆ, ಸೆಂಚುರಿಯನ್‌ಗೆ ಎಡಗಡೆ. ಫಾಕಿಲಿಸ್‌ಗೆ ಎಡಕ್ಕೆ ಕತ್ತಿ, ಬಲಕ್ಕೆ ಬಾಕು, ಬಲಗೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಅಚ್ಚು ಹಾಕಿದರೆ ಸೆಂಚುರಿಯನ್‌ನ ಕತ್ತಿ ಸಿಪಾಯಿಯ ಪಕ್ಕಕ್ಕೆ ಬಂದುಬಿಡುತ್ತದೆ. ಮೊದಲು ಕಲ್ಲಿನ ಶಾಸನದ ಅಕ್ಷರಗಳು ಸರಿಯಾಗಿ ಓದಿಸಿಕೊಳ್ಳುತ್ತವೆಯೇ ನೋಡಿ.

ಶಾಸನಪ್ರಿಯ:
ಅಕ್ಷರ ಎಂದಿರಿ, ನಾನಾದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಕಾಲ ಗೊತ್ತಾಗದೆ ಉಡುಪಿನ ಚರ್ಚೆ ವ್ಯರ್ಥ. ಶಾಸನದಲ್ಲಿ ಫಾಕಿಲಿಸ್‌ನ ದಳ ಬರೀ 20ನೇ ಲೀಜನ್ (ರೋಮನ್ ಸೈನ್ಯದ ದೊಡ್ಡ ದಳ). ಬೂಡಿಕಾ ದಂಗೆಯ ನಂತರ ಆ ದಳಕ್ಕೆ ಸಿಕ್ಕಿತೆನ್ನುವ 'ವಲೇರಿಯಾ ವಿಕ್ಟ್ರಿಕ್ಸ್' ಬಿರುದಿಲ್ಲ. ಆದ್ದರಿಂದ ಕ್ರಿ.ಶ. 43ರಲ್ಲಿ ರೋಮನ್ನರು ಬ್ರಿಟನ್ ಮೇಲೆ ಮಾಡಿದ ದಂಡಯಾತ್ರೆ ಮತ್ತು 60-61ರಲ್ಲಿ ಅಲ್ಲಿನ ರಾಣಿ ಬೂಡಿಕಾ ಎಬ್ಬಿಸಿದ ದಂಗೆಯ ನಡುವಿನದು ಎನ್ನುತ್ತಾರೆ. ಜರ್ಮನಿಯ ಮಾರ್ಕಸ್ ಕೇಲಿಯಸ್ ಕಲ್ಲಂತೂ ಇನ್ನೂ ಖಚಿತ: ರೋಮನ್ ಸೇನಾಪತಿ ವಾರುಸ್‌ನ ಯುದ್ಧದಲ್ಲಿ ಸತ್ತ ಎಂದೇ ಬರೆದಿದೆ, ಅಂದರೆ ಕ್ರಿ.ಶ. 9. ಆದರೆ ಅವನ ಎದೆತುಂಬ ಇರುವ ಪದಕ, ಹೆಗಲ ಕಂಠಿ, ತಲೆಯ ಓಕ್ ಎಲೆಯ ಕಿರೀಟ, ಇವನ್ನೆಲ್ಲ ದಿನದ ಉಡುಪು ಎಂದು ಬರೆದೀರಿ! ಅದು ಸಾಧನೆಯ ಪಟ್ಟಿ.

'ಉಳಿಪೆಟ್ಟು' ಅವರ ಮಾತಿಗೆ ಒಂದು ತಕರಾರು. ಸೆಂಚುರಿಯನ್ ಆದ್ದರಿಂದ ಸರಪಳಿಯಲ್ಲದೆ ಮೈಮಾಟ ಹೋಲುವ ಲೋಹದ ಎದೆಗವಚವನ್ನೂ ತಳ್ಳಿಹಾಕಲಾಗದು. ಚಿತ್ರದಲ್ಲಿ ಒಂದನ್ನು ಆಯ್ದು, 'ಊಹೆ' ಎಂದು ಕೆಳಗೆ ಬರೆಯಿರಿ. ರೋಮ್ ನಗರದ ಟ್ರೇಜನ್ ಸ್ತಂಭದ ಕೆತ್ತನೆಯಲ್ಲಿರುವ ಪಟ್ಟಿಪಟ್ಟಿ ಕವಚವನ್ನು ಮಾತ್ರ ತೊಡಿಸಬೇಡಿ, ಗೋರಿಗಲ್ಲುಗಳಲ್ಲಿ ಅದು ಕಾಣಿಸುವುದೇ ಅಪರೂಪ.

ಬೆಲ್ಟಿನ ನಮೂನೆಯನ್ನು ಸಿರಿಯಾದ ಅಪಾಮಿಯಾ ಕಲ್ಲುಗಳಿಂದ ಎರವಲು ತರಬೇಡಿ. ಅಲ್ಲಿನ ಉಂಗುರ ಬಕಲ್, ಉದ್ದ ತೋಳಿನ ಅಂಗಿ 3ನೇ ಶತಮಾನದವು.

ಗೆರೆಗಾರ:
ಹೊದಿಕೆ ಪೇನುಲಾನೋ ಸಾಗುಮ್ಮೋ ಎಂದು ಹೇಗೆ ಗುರುತಿಸುವುದು?

ಒರೆಗತ್ತಿ:
ಎದೆಯ ನಡುವೆ ಗುಂಡಿಯಲ್ಲೋ ಹೊಲಿಗೆಯಲ್ಲೋ ಕೂಡಿಕೊಂಡು, ಎರಡೂ ಹೆಗಲ ಮೇಲೆ ಮಡಿಸಿ ಎತ್ತಿದ್ದರೆ ಪೇನುಲಾ. ಜರ್ಮನಿಯ ಮೈಂಜ್‌ನಲ್ಲಿರುವ ಸೈನಿಕ ಫ್ಲಾವೋಲೇಯಸ್ ಕೋರ್ಡಸ್‌ನ ಗೋರಿಗಲ್ಲು ನೋಡಿ. ಬಲ ಹೆಗಲ ಮೇಲೆ ಪಿನ್ನು ಹಾಕಿದ ಚೌಕ ಬಟ್ಟೆಯಾದರೆ ಸಾಗುಮ್. ಫಾಕಿಲಿಸ್ ಹೊದಿಕೆ ಎಡ ಹೆಗಲಿನಿಂದ ಇಳಿದಿದೆ, ಎದೆಯ ನಡುವೆ ಕೂಡಿಕೊಂಡಿಲ್ಲ. ಪೇನುಲಾ ಅಲ್ಲ ಎಂಬಷ್ಟಕ್ಕೆ ನಿಲ್ಲಿಸಿ.